ಸ್ಟೋಮಾ ಒರೆಸುವಾಗ ರಕ್ತ ಕಂಡರೆ

ಅಪ್ಪನ ಬ್ಯಾಗ್ ಬದಲಿಸಲು ಕಲಿತ ಮೊದಲ ವಾರ. ಒದ್ದೆ ಬಟ್ಟೆಯಲ್ಲಿ ಸ್ಟೋಮಾ ಒರೆಸಿ ಕೈ ತೆಗೆದರೆ ಬಟ್ಟೆಯ ಮೇಲೆ ಎರಡು ಕೆಂಪು ಚುಕ್ಕೆ. ನನ್ನ ಎದೆ ಧಸಕ್ಕೆಂದಿತು. ಅಪ್ಪ ಮಾತ್ರ ಫ್ಯಾನ್ ನೋಡುತ್ತಾ ಮಲಗಿದ್ದರು. "ನೋವಾಯ್ತಾ ಅಪ್ಪ?" ಎಂದೆ. "ಇಲ್ವಲ್ಲ, ಯಾಕೆ?" ಎಂದರು. ಗಾಬರಿಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿದರೆ ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ರಕ್ತ ಮೇಲಿಂದ ಬರ್ತಿದ್ಯಾ, ಒಳಗಿಂದಾನಾ?"

ಈ ಒಂದು ಪ್ರಶ್ನೆ ನೆನಪಿದ್ದರೆ ಅರ್ಧ ಭಯ ಹೋಗುತ್ತದೆ. ಸ್ಟೋಮಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಾಯಿ. ಕ್ಯಾನ್ಸರ್, ಕರುಳಿನ ಅಡ್ಡಿ ಮುಂತಾದ ಕಾರಣಕ್ಕೆ ಆಪರೇಷನ್ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿರುತ್ತಾರೆ. ಮೋಷನ್ ಅಲ್ಲಿಂದಲೇ ಹೊರಬಂದು, ಸುತ್ತಲಿನ ಚರ್ಮಕ್ಕೆ ಅಂಟಿಸಿದ ಬ್ಯಾಗಿನಲ್ಲಿ ಸೇರುತ್ತದೆ. ನಮಗೆ ಕಾಣುವ ಆ ಕೆಂಪು ಭಾಗ ಕರುಳಿನ ಒಳಪದರ. ಬಾಯಿಯ ಒಳಗಿನಂತೆಯೇ ಅದು ಸದಾ ಒದ್ದೆ, ಮೆತ್ತಗೆ. ತೆಳುವಾದ ರಕ್ತನಾಳಗಳು ತುಂಬಾ. ಗಟ್ಟಿಯಾಗಿ ಬ್ರಷ್ ಮಾಡಿದರೆ ವಸಡಿನಲ್ಲಿ ರಕ್ತ ಬರುವುದಿಲ್ಲವೇ? ಇದೂ ಹಾಗೆಯೇ. ಆದರೆ ಮುಟ್ಟಿದರೆ, ಗೀರಿದರೆ ನೋವು ತಿಳಿಸುವ ನರಗಳು ಅಲ್ಲಿಲ್ಲ. ಒಳ್ಳೆಯದೇ ಅನ್ನಿಸಬಹುದು. ಆದರೆ ಬ್ಯಾಗಿನ ಅಂಚು ಕೊಯ್ಯುತ್ತಿದ್ದರೂ ರೋಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣಿಂದಲೇ ನೋಡಿ ತಿಳಿಯಬೇಕು.

ರಕ್ತ ಕಂಡ ಕೂಡಲೇ

ಮೆತ್ತನೆ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ. ರಕ್ತ ಬರುವ ಜಾಗದ ಮೇಲಿಟ್ಟು ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಐದು ನಿಮಿಷ. ನಿಂತಿತಾ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ, ಕಟ್ಟಿಕೊಳ್ಳುತ್ತಿರುವ ರಕ್ತ ಮತ್ತೆ ಬಿಚ್ಚಿಕೊಳ್ಳುತ್ತದೆ. ಒರೆಸುವಾಗ ಬಂದ ಒಂದೆರಡು ಹನಿ ಸಾಮಾನ್ಯವಾಗಿ ಇಷ್ಟರಲ್ಲೇ ನಿಲ್ಲುತ್ತದೆ.

ನಮ್ಮ ಮನೆಗಳಲ್ಲಿ ಕೈ ಕೊಯ್ದರೆ ಅರಿಶಿನವೋ ಕಾಫಿ ಪುಡಿಯೋ ಮೆತ್ತುವ ಅಭ್ಯಾಸ ಉಂಟಲ್ವಾ? ಇಲ್ಲಿ ಅದು ಬೇಡವೇ ಬೇಡ. ಸ್ಪಿರಿಟ್, ಡೆಟಾಲ್ ಕೂಡ ಬೇಡ.

ರಕ್ತ ನಿಂತ ಮೇಲೆ ಎಲ್ಲಿಂದ ಬಂತು ಎಂದು ಒಳ್ಳೆಯ ಬೆಳಕಿನಲ್ಲಿ ನೋಡಿ. ಸ್ಟೋಮಾದ ಮೇಲ್ಮೈಯಿಂದಲಾ, ಅಂಚಿನಿಂದಲಾ, ಸುತ್ತಲಿನ ಸುಲಿದ ಚರ್ಮದಿಂದಲಾ? ಅಂಚಿನಲ್ಲಿ ಚಿಕ್ಕ ಕೆಂಪು ಗುಳ್ಳೆಗಳೆದ್ದು ಪದೇ ಪದೇ ರಕ್ತ ಬರುತ್ತಿದ್ದರೆ ಅದು ಉಜ್ಜಾಟದಿಂದ ಬೆಳೆದ ಹೆಚ್ಚುವರಿ ಮಾಂಸ ಇರಬಹುದು. ಗಾಬರಿಯ ವಿಷಯವಲ್ಲ, ಆದರೆ ಡಾಕ್ಟರಿಗೆ ತೋರಿಸಿ.

ಯಾವಾಗ ಕಾಯಬಾರದು

ರಕ್ತ ಸ್ಟೋಮಾದ ತೂತಿನ ಒಳಗಿಂದ, ಮೋಷನ್ ಜೊತೆ ಬರುತ್ತಿದ್ದರೆ ಮನೆಯಲ್ಲಿ ಕೂರಬೇಡಿ. ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಬ್ಯಾಗಿನಲ್ಲಿ ರಕ್ತ ತುಂಬುತ್ತಿದ್ದರೆ, ತಲೆ ಸುತ್ತಿದರೆ ನೇರ ಎಮರ್ಜೆನ್ಸಿಗೆ ಹೊರಡಿ. ಕಣ್ಣಿಗೆ ಕಾಣುವ ಜಾಗದಿಂದ ಬರುತ್ತಿದ್ದರೆ ದಾರಿಯುದ್ದಕ್ಕೂ ಒತ್ತಿ ಹಿಡಿದಿರಿ. ಸ್ಟೋಮಾದ ಬಣ್ಣ ಕಡು ನೇರಳೆ ಅಥವಾ ಕಪ್ಪಾದರೆ ರಕ್ತ ಬರದಿದ್ದರೂ ಅದು ತುರ್ತು, ಕರುಳಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದರ್ಥ. ಲಿವರ್ ಕಾಯಿಲೆ ಇರುವವರಿಗೆ ಸ್ಟೋಮಾ ಸುತ್ತ ನೀಲಿ ರಕ್ತನಾಳಗಳು ಉಬ್ಬಿ ಒಮ್ಮೆಲೇ ಜೋರಾಗಿ ರಕ್ತ ಬರುವುದುಂಟು. ಮೂತ್ರ ಹೊರಬರಲು ಮಾಡಿದ ಸ್ಟೋಮಾ ಇದ್ದು ಮೂತ್ರವೇ ಕೆಂಪಾಗಿದ್ದರೆ ಅದನ್ನೂ ತೋರಿಸಬೇಕು.

ಮೋಷನ್ ಕೆಂಪಾಗಿದ್ದರೆ ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದರೇ ಎಂದೂ ನೆನಪಿಸಿಕೊಳ್ಳಿ! ಕಬ್ಬಿಣದ ಮಾತ್ರೆ ಮೋಷನ್ನನ್ನು ಕಪ್ಪು ಮಾಡುತ್ತದೆ. ಆದರೆ ಅನುಮಾನ ಇದ್ದರೆ ಸುಮ್ನೆ ಊಹಿಸುತ್ತಾ ಕೂರಬೇಡಿ, ಕೇಳಿಬಿಡಿ.

ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಬೇಗ ಬರುತ್ತದೆ, ನಿಧಾನ ನಿಲ್ಲುತ್ತದೆ. ಹಾಗೆಂದು ಮಾತ್ರೆ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಬ್ಯಾಗ್ ಬದಲಿಸುವ ಕೈ

ಬೆಳಗ್ಗೆ ಕಾಫಿ-ತಿಂಡಿಗೆ ಮೊದಲು ಬದಲಿಸಿ. ಆಗ ಕರುಳು ಸುಮ್ಮನಿರುತ್ತದೆ. ಬೇಕಾದ್ದೆಲ್ಲ ಮೊದಲೇ ಜೋಡಿಸಿಟ್ಟುಕೊಳ್ಳಿ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಇನ್ನೊಂದರಲ್ಲಿ ಕತ್ತರಿ ಹುಡುಕುವ ಪಾಡು ನನಗೆ ಸಾಕಾಗಿದೆ.

ಹಳೆಯ ಪ್ಲೇಟನ್ನು, ಅಂದರೆ ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಭಾಗವನ್ನು, ಬ್ಯಾಂಡೇಜ್ ಕಿತ್ತ ಹಾಗೆ ಕೀಳಬೇಡಿ. ಮೇಲಿನ ಅಂಚು ಸ್ವಲ್ಪ ಬಿಡಿಸಿ, ಒದ್ದೆ ಬಟ್ಟೆಯಿಂದ ಚರ್ಮವನ್ನು ಕೆಳಗೆ ಒತ್ತುತ್ತಾ ನಿಧಾನವಾಗಿ ಕೆಳಮುಖವಾಗಿ ಬಿಡಿಸಿ. ಉಗುರು ಬೆಚ್ಚಗಿನ ಬರೀ ನೀರಿನಿಂದ ತೊಳೆಯಿರಿ. ಸೋಪು ಬಳಸಲೇಬೇಕೆಂದಿಲ್ಲ. ಕೊಬ್ಬರಿ ಎಣ್ಣೆ, ಕ್ರೀಮು ಹಚ್ಚಿದರೆ ಪ್ಲೇಟು ಅಂಟುವುದಿಲ್ಲ. ಸ್ನಾನಕ್ಕೆ ಬ್ಯಾಗ್ ತೆಗೆದೇ ಹೋಗಬಹುದು, ತಂಬಿಗೆಯಲ್ಲಿ ಹೊಯ್ದುಕೊಳ್ಳುವ ನೀರು ಒಳಗೆ ಹೋಗುವುದಿಲ್ಲ. ಜೋರಾಗಿ ಚಿಮ್ಮುವ ಪೈಪನ್ನು ಮಾತ್ರ ಸ್ಟೋಮಾಕ್ಕೆ ಹಿಡಿಯಬೇಡಿ. ಆಮೇಲೆ ಸುತ್ತಲಿನ ಚರ್ಮವನ್ನು ಉಜ್ಜದೆ, ಬಟ್ಟೆ ಒತ್ತಿ ಒತ್ತಿ ಒಣಗಿಸಿ. ಸ್ಟೋಮಾವನ್ನು ಒಣಗಿಸಲು ಹೋಗಬೇಡಿ, ಅದು ಒದ್ದೆಯಾಗಿಯೇ ಇರಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅಳತೆ. ಆಪರೇಷನ್ ಆದ ಮೊದಲ 6ರಿಂದ 8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಅಲ್ಲಿವರೆಗೆ ವಾರಕ್ಕೊಮ್ಮೆಯಾದರೂ ಅಳತೆಯ ಕಾರ್ಡಿನಿಂದ ಅಳೆಯಿರಿ. ಪ್ಲೇಟಿನ ತೂತು ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ದೊಡ್ಡದಿರಬೇಕು, ಅಷ್ಟೇ. ಬಿಗಿಯಾದರೆ ಅಂಚು ಸ್ಟೋಮಾವನ್ನು ಕೊಯ್ಯುತ್ತದೆ. ದೊಡ್ಡದಾದರೆ ಮೋಷನ್ ಚರ್ಮಕ್ಕೆ ತಾಗಿ ಸುಡುತ್ತದೆ, ಸುಟ್ಟ ಚರ್ಮದಿಂದಲೂ ರಕ್ತ ಬರುತ್ತದೆ. ಸಣ್ಣ ಕರುಳಿನ ಸ್ಟೋಮಾ ಆದರೆ ಉರಿ ಜಾಸ್ತಿ, ಅದರಲ್ಲಿ ಜೀರ್ಣರಸ ಇರುತ್ತದೆ. ಕತ್ತರಿಸಿದ ಮೇಲೆ ತೂತಿನ ಅಂಚಿನ ಸುತ್ತ ಬೆರಳಾಡಿಸಿ ಚೂಪು ತೆಗೆಯಿರಿ. ಅಪ್ಪನ ಆ ಎರಡು ಚುಕ್ಕೆಗೆ ಕಾರಣವೂ ಇದೇ ಆಗಿತ್ತು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಅಳತೆಯಲ್ಲೇ ಕತ್ತರಿಸುತ್ತಾ, ಅಂಚು ನುಣ್ಣಗಾಗಿದೆಯಾ ಎಂದು ಮುಟ್ಟಿಯೂ ನೋಡಿರಲಿಲ್ಲ.

ಅಂಟಿಸುವ ಮುನ್ನ ಪ್ಲೇಟನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಅಂಟಿಸಿದ ಮೇಲೂ ಒಂದು ನಿಮಿಷ ಅಂಗೈ ಇಟ್ಟುಕೊಳ್ಳಿ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಭಾರವಾದ ಬ್ಯಾಗ್ ಪ್ಲೇಟನ್ನು ಜಗ್ಗುತ್ತದೆ. ಬೇಸಿಗೆಯ ಮಂಗಳೂರು, ಕಾರವಾರದ ಬೆವರಿಗೆ ಅಂಟು ಬೇಗ ಬಿಡುತ್ತದೆ, ಹೆಚ್ಚು ಸಲ ಬದಲಿಸಬೇಕಾದೀತು.

ಹೀಗೆ ಚರ್ಮಕ್ಕೆ ಅಂಟುವ ಬ್ಯಾಗ್ ಹೊಳೆದದ್ದು ಡೆನ್ಮಾರ್ಕಿನ ನರ್ಸ್ ಎಲಿಸ್ ಸೊರೆನ್ಸನ್ ಅವರಿಗೆ, 1954ರಲ್ಲಿ. ಸ್ಟೋಮಾ ಆದ ತಂಗಿ ಸೋರಿಕೆಗೆ ಹೆದರಿ ಮನೆ ಬಿಟ್ಟು ಹೊರಡುತ್ತಿರಲಿಲ್ಲವಂತೆ.

ಉಡುಪಿನ ಕಡೆಗೂ ಗಮನವಿರಲಿ. ಉಡಿದಾರ, ಲಂಗದ ಲಾಡಿ, ಬೆಲ್ಟು, ಪಂಚೆಯ ಗಂಟು ಸ್ಟೋಮಾದ ಮೇಲೆ ಕೂತರೆ ದಿನವಿಡೀ ಉಜ್ಜುತ್ತದೆ. ಅಪ್ಪ ಉಡಿದಾರ ಬಿಚ್ಚಲು ಒಪ್ಪಲಿಲ್ಲ. ಅಮ್ಮ ಅದನ್ನು ಸಡಿಲ ಮಾಡಿ ಸ್ಟೋಮಾದ ಕೆಳಗೆ ಇಳಿಸಿಕೊಟ್ಟರು.