ಎರಡು ‘ಏಳು’, ಒಂದು ಮೈಕು

ಅಮೆರಿಕದ ಓಹಾಯೋದಲ್ಲಿ ಓದುವಾಗ ಎರಡು ಸೀಸನ್ ಕಾಲೇಜು ರೇಡಿಯೊದಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳಿದ್ದೇನೆ. ಕಾಲಲ್ಲಿ ಒದೆಯುವುದಲ್ಲ, ಕೈಯಲ್ಲಿ ಚೆಂಡು ಹಿಡಿದು ಓಡುವ ಅವರ ಫುಟ್‌ಬಾಲ್. ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದವನು ನಾನು, ಮಾತಾಡೋದೇನು ಮಹಾ ಅಂದುಕೊಂಡಿದ್ದೆ. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬರುವಷ್ಟಾದರೂ ಪುರುಸೊತ್ತು ಸಿಗುತ್ತದೆ. ಇಲ್ಲಿ ಐದಾರು ಸೆಕೆಂಡಿಗೆ ಎಲ್ಲ ಮುಗಿದು, ಚೆಂಡಿನ ಮೇಲೆ ಹುಡುಗರ ರಾಶಿ ಬಿದ್ದಿರುತ್ತದೆ.

ಶನಿವಾರದ ಪಂದ್ಯಕ್ಕೆ ಬುಧವಾರವೇ ಕೂರುತ್ತಿದ್ದೆ. ದಪ್ಪ ರಟ್ಟಿನ ಮೇಲೆ ‘ಸ್ಪಾಟಿಂಗ್ ಬೋರ್ಡ್’ ಬರೆಯಬೇಕು. ಆಟಗಾರರು ಮೈದಾನದಲ್ಲಿ ನಿಲ್ಲುವ ಹಾಗೆಯೇ ಚೌಕಗಳು. ಚೆಂಡು ಮುಂದೊಯ್ಯುವ ಆಫೆನ್ಸ್‌ಗೆ 11, ಅದನ್ನು ತಡೆಯುವ ಡಿಫೆನ್ಸ್‌ಗೆ 11, ಒಬ್ಬೊಬ್ಬನ ಕೆಳಗೆ ಅವನ ಬದಲಿ. ಎರಡು ತಂಡ ಸೇರಿ 88 ಹೆಸರು. ನಂಬರ್ ದಪ್ಪಗೆ, ಊರು ಸಣ್ಣಗೆ, ಮೂಲೆಯಲ್ಲಿ ಹೇಳಲು ಒಂದು ವಿಷಯ. ಅದರಲ್ಲಿ ಮುಕ್ಕಾಲು ಭಾಗ ಬಾಯಿಗೆ ಬರುವುದೇ ಇಲ್ಲ. ಆದರೆ ಕೈಯಾರೆ ಬರೆದರೆ ನಂಬರ್ ತಲೆಯಲ್ಲಿ ಕೂರುತ್ತದೆ, ಆಟದ ನಡುವೆ ಕಣ್ಣು ಕೆಳಗಿಳಿಸಬೇಕಿಲ್ಲ. ಪ್ರಿಂಟ್ ತೆಗೆದುಕೊಂಡು ಹೋದ ದಿನ ಸುಮ್ನೆ ತಡವರಿಸಿದೆ.

ಹೆಸರಿನ ಉಚ್ಚಾರ ನನ್ನ ಹಟ. ನನ್ನ ಹೆಸರಿನ ‘ಳ’ ಅಲ್ಲಿ ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಹಾಗಾಗಿ ಎದುರು ತಂಡದವರಿಗೆ ಫೋನ್ ಮಾಡಿ ಕೇಳಿ, ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷ್ ಸ್ಪೆಲ್ಲಿಂಗಿಗಿಂತ ಅದೇ ವಾಸಿ.

ರೇಡಿಯೊ ಕೇಳುವವನಿಗೆ ಮೊದಲು ಬೇಕಾದದ್ದು ಲೆಕ್ಕ: ಎಷ್ಟನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಇನ್ನೆಷ್ಟು ಗಜ, ಚೆಂಡು ಎಲ್ಲಿದೆ, ಯಾವ ಕಡೆಗೆ ಓಡುತ್ತಿದ್ದಾರೆ. ಸ್ಕೋರ್ ಅಂತೂ ಹೇಳುತ್ತಲೇ ಇರಬೇಕು, ಈಗಷ್ಟೇ ಕಾರು ಹತ್ತಿದವನಿಗೆ ಗೊತ್ತಿರುವುದಿಲ್ಲ, ಅಲ್ವಾ? ಆಟ ನಿಂತ ಕೂಡಲೇ ಪಕ್ಕದಲ್ಲಿ ಕೂತ ಜೊತೆ ಕಾಮೆಂಟೇಟರ್ ‘ಯಾಕೆ ಹಾಗಾಯಿತು’ ಅಂತ ವಿವರಿಸುತ್ತಾನೆ. ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಕಲಿಯಲು ನನಗೆ ಜಾಸ್ತಿ ದಿನ ಹಿಡಿಯಿತು.

ಎಡವಿದ್ದು ಒಂದು ಮಳೆಯ ಶನಿವಾರ. ಕಾಲೇಜು ಆಟದಲ್ಲಿ ಒಂದೇ ತಂಡದ ಇಬ್ಬರಿಗೆ ಒಂದೇ ನಂಬರ್ ಇರಬಹುದು, ಇಬ್ಬರೂ ಒಟ್ಟಿಗೆ ಕಣಕ್ಕಿಳಿಯುವಂತಿಲ್ಲ ಅಷ್ಟೆ. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಆಫೆನ್ಸ್ ನಡೆಸಿ ಚೆಂಡು ಎಸೆಯುವವನು, 7, ಡಿಫೆನ್ಸ್‌ನ ಒಬ್ಬ ಹುಡುಗನೂ 7. ಎದುರಾಳಿ ಒದ್ದ ಪಂಟ್ (ಚೆಂಡು ಬಿಟ್ಟುಕೊಡುವಾಗ ದೂರಕ್ಕೆ ಒದೆಯುವುದು) ಹಿಡಿದು ಆ ಹುಡುಗ ಕೊನೆಯ ಗೆರೆಯವರೆಗೂ ಓಡಿದ. ನಾನು ಗಂಟಲು ಹರಿಯುವ ಹಾಗೆ ಕೂಗಿದ್ದು ಕ್ವಾರ್ಟರ್‌ಬ್ಯಾಕ್ ಹೆಸರು! ಪಂಟ್ ಹಿಡಿಯಲು ಅವನು ಯಾಕೆ ಬರುತ್ತಾನೆ? ಅಷ್ಟೂ ಹೊಳೆಯಲಿಲ್ಲ. ಆ ಹುಡುಗನ ಅಜ್ಜಿ ಮನೆಯಲ್ಲಿ ಕೇಳುತ್ತಿದ್ದರಂತೆ.

ಆ ವಾರ ಸೀನಿಯರ್ ಒಬ್ಬರು 1982ರಲ್ಲಿ ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಡುವೆ ನಡೆದ ಪಂದ್ಯದ ಕೊನೆಯ ನಾಲ್ಕು ಸೆಕೆಂಡಿನ ಕಾಮೆಂಟರಿ ಕೇಳಿಸಿದರು. ಕ್ಯಾಲ್ ಹುಡುಗರು ಚೆಂಡನ್ನು ಐದು ಸಲ ಕೈ ಬದಲಿಸಿ ಓಡುತ್ತಿದ್ದಾರೆ, ಆಟ ಮುಗಿಯಿತೆಂದು ಸ್ಟ್ಯಾನ್‌ಫರ್ಡ್ ಬ್ಯಾಂಡ್‌ನವರು ಮೈದಾನಕ್ಕೇ ನುಗ್ಗಿದ್ದಾರೆ. ಕ್ಯಾಲ್‌ನ ರೇಡಿಯೊ ಕಾಮೆಂಟೇಟರ್ ಜೋ ಸ್ಟಾರ್ಕಿ ಕಂಡದ್ದನ್ನೆಲ್ಲ ಕೂಗಿ ಹೇಳಿ, ಕೊನೆಗೆ ಯಾರು ಗೆದ್ದರೋ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಾರೆ. ತೀರ್ಪು ಬಂದ ಮೇಲಷ್ಟೇ ಸಂಭ್ರಮ. ನಾನೂ ‘ಪಂಟ್ ಹಿಡಿದವನು’ ಅಂದು ಹತ್ತು ಗಜ ತಳ್ಳಬಹುದಿತ್ತು.

ಪಂಟ್, ಕಿಕ್ಕಾಫ್‌ಗೆ (ಆಟ ಶುರುಮಾಡುವ ಒದೆತ) ಇಳಿಯುವವರ ಹೆಸರಿನ ಬೇರೆಯೇ ಕೆಂಪು ಕಾರ್ಡ್ ಮಾಡಿದೆ. ಮುಂದಿನ ಶನಿವಾರ ಅದೇ ಹುಡುಗ ಪಂಟ್ ಹಿಡಿದ, ಎರಡು ಗಜ ಓಡಿ ಬಿದ್ದ. ಅವನ ಪೂರ್ತಿ ಹೆಸರು, ಊರಿನ ಸಮೇತ ಹೇಳಿದೆ.