ಗ್ಯಾಲಪಿಂಗ್ ಗೂಸ್: ಕಿಟ್ ಇಲ್ಲದೆ ನ್ಯಾರೋಗೇಜ್ ರೈಲುಕಾರಿನ ಮಾದರಿ ಕಟ್ಟುವ ಬಗೆ

ಅಮೆರಿಕದ ಕೊಲರಾಡೊದಲ್ಲಿ ರಿಜ್‌ವೇಯಿಂದ ಡುರಾಂಗೊವರೆಗೆ 162 ಮೈಲಿ ಹರಡಿದ್ದ ರಿಯೊ ಗ್ರಾಂಡೆ ಸದರ್ನ್ ರೈಲ್ವೆಯು, ಉಗಿಬಂಡಿ ಓಡಿಸುವ ಖರ್ಚನ್ನು ಭರಿಸಲಾರದೆಯೂ ಅಂಚೆ ಸಾಗಣೆಯ ಗುತ್ತಿಗೆಯನ್ನು ಬಿಟ್ಟುಕೊಡಲಾರದೆಯೂ, 1931ರಿಂದ ಹಳೆಯ ಮೋಟಾರು ಕಾರುಗಳ ಒಡಲು ಮತ್ತು ಎಂಜಿನ್‌ಗಳನ್ನು ಹಳಿಯ ಮೇಲೇರಿಸಿ ತನ್ನ ಕಾರ್ಯಾಗಾರದಲ್ಲೇ ರೈಲುಕಾರುಗಳನ್ನು ಕಟ್ಟಿಕೊಂಡಿತು. ಜನರು ಅವುಗಳನ್ನು ‘ಗ್ಯಾಲಪಿಂಗ್ ಗೂಸ್’ ಎಂದು ಕರೆದರು. ಮುಂದೆ ಪಿಯರ್ಸ್-ಆರೋ ಕಾರು, ಹಿಂದೆ ಸರಕಿನ ಪೆಟ್ಟಿಗೆ ಇರುವ ಇಂಥ ಒಂದು ಬಂಡಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿರ್ಧರಿಸಬೇಕಾದದ್ದು ವರ್ಷ. ಒಂದೇ ಸಂಖ್ಯೆಯ ಬಂಡಿಯೂ ಕಾಲಕಾಲಕ್ಕೆ ರೂಪ ಬದಲಿಸಿದೆ: ಎರಡನೆಯ ಮಹಾಯುದ್ಧದ ನಂತರ ಕೆಲವಕ್ಕೆ ಕಾರಿನ ಬದಲು ಬಸ್ಸಿನ ಒಡಲು ಬಂತು, 1950ರಲ್ಲಿ, ಅಂಚೆ ಗುತ್ತಿಗೆ ಕೈತಪ್ಪಿದ ಮೇಲೆ, ಸರಕಿನ ಪೆಟ್ಟಿಗೆಗೆ ಕಿಟಕಿ ಕೊರೆದು ಪ್ರವಾಸಿಗರಿಗೆ ಆಸನ ಹಾಕಲಾಯಿತು. ಎರಡು ಕಾಲದ ಫೋಟೊಗಳನ್ನು ಬೆರೆಸಿ ಕಟ್ಟಿದರೆ ಎಂದೂ ಇಲ್ಲದಿದ್ದ ಬಂಡಿಯೊಂದು ತಯಾರಾಗುತ್ತದೆ. ಮೊದಲ ಪ್ರಯತ್ನಕ್ಕೆ ಕಿಟಕಿಯಿಲ್ಲದ ಸರಕಿನ ಪೆಟ್ಟಿಗೆಯ ರೂಪವೇ ಸುಲಭ.

ಅಳತೆಗೆ 1:48ನ್ನು ನಾನು ಸೂಚಿಸುತ್ತೇನೆ. ಒಂದು ಅಡಿಗೆ 6.35 ಮಿ.ಮೀ. ಬರುವುದರಿಂದ ಕೈಗೂ ಕಣ್ಣಿಗೂ ಹಿಡಿತ ಸಿಗುತ್ತದೆ. ಎಚ್‌ಒ (1:87 ಅಳತೆಯ) ಮಾದರಿಗಳ 16.5 ಮಿ.ಮೀ. ಹಳಿ, ಗಾಲಿ, ಮೋಟಾರುಗಳನ್ನೇ ಬಳಸಬಹುದು. ಆದರೆ ಈ ರೈಲ್ವೆಯ ಹಳಿಗಳ ಅಂತರ ಮೂರು ಅಡಿ, ಅಂದರೆ 914 ಮಿ.ಮೀ.; 1:48ರಲ್ಲಿ ಅದು 19 ಮಿ.ಮೀ. ಆಗಬೇಕು. ಎರಡೂವರೆ ಮಿ.ಮೀ. ಕೊರತೆ ಒಡಲಿನ ನೆರಳಿನಲ್ಲಿ ಮರೆಯಾಗುವಂಥದ್ದೇ, ಒಪ್ಪಿಕೊಳ್ಳಬಹುದು. ಮುಂಭಾಗದ ಫೋಟೊವನ್ನು ಕುಗ್ಗಿಸಿ ನಕ್ಷೆಯಾಗಿ ಮುದ್ರಿಸುವಾಗ ಮಾತ್ರ ಹಳಿಗಳ ಅಂತರ 19 ಮಿ.ಮೀ. ಬರುವಂತೆಯೇ ಹೊಂದಿಸಬೇಕು, 16.5ಕ್ಕೆ ಹೊಂದಿಸಿದರೆ ಇಡೀ ಒಡಲೇ ಕುಗ್ಗುತ್ತದೆ. ದೂರದಿಂದ ತೆಗೆದ ಫೋಟೊಗಳನ್ನೇ ಆರಿಸಿಕೊಳ್ಳಿ, ಹತ್ತಿರದವುಗಳಲ್ಲಿ ಮೂತಿ ಊದಿಕೊಂಡಿರುತ್ತದೆ. ಡೆನ್ವರ್ ಸುತ್ತಮುತ್ತ ನೆಂಟರಿರುವವರು, ಗೋಲ್ಡನ್‌ನ ಕೊಲರಾಡೊ ರೈಲ್ರೋಡ್ ಮ್ಯೂಸಿಯಂನಲ್ಲಿರುವ ಬಂಡಿಗಳ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಕಳಿಸುವಂತೆ ಕೇಳಿಕೊಳ್ಳಬಹುದು.

ಒಡಲಿಗಿಂತ ಮೊದಲು ಓಟವನ್ನು ಸರಿಪಡಿಸಿಕೊಳ್ಳಬೇಕು. ದೊಡ್ಡ ಗೂಸ್‌ಗಳಲ್ಲಿ ಗಾಲಿಗಳ ಚೌಕಟ್ಟುಗಳು ಮೂರು (ಇವಕ್ಕೆ ತಾಂತ್ರಿಕವಾಗಿ ಬೋಗಿ ಎಂದೇ ಹೆಸರು, ನಾವು ಮಾತ್ರ ಇಡೀ ಡಬ್ಬಿಯನ್ನು ಹಾಗೆ ಕರೆಯುತ್ತೇವೆ). ಕಾರಿನ ಹಿಂಭಾಗವೂ ಪೆಟ್ಟಿಗೆಯ ಮುಂಭಾಗವೂ ನಡುವಿನ ಚೌಕಟ್ಟಿನ ಬಳಿ ಸೇರುತ್ತವೆ. ಎರಡರ ಭಾರವೂ ಅದರ ಮೇಲೆ ಬೀಳುವುದರಿಂದ ಮೋಟಾರನ್ನು ಅಲ್ಲಿಯೇ ಇಡಬೇಕು, ತಿರುಗುಗೂಟವೂ ಅದರ ನಟ್ಟನಡುವೆಯೇ ನಿಲ್ಲಬೇಕು. ನಡುವಿನ ಚೌಕಟ್ಟು ಹಿಂದೆ ಮುಂದೆ ಮಾತ್ರ ತೂಗಲಿ. ಉಳಿದೆರಡು ಪಕ್ಕಕ್ಕೂ ತೂಗುವಂತೆ ಸಡಿಲವಾಗಿರಲಿ. ಎಲ್ಲ ಗಾಲಿಗಳಿಂದಲೂ ವಿದ್ಯುತ್ ಪಡೆಯುವ ವ್ಯವಸ್ಥೆ ಮಾಡಿ, ಬರಿಯ ಅಡಿಗಟ್ಟನ್ನೇ 45 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಓಡಿಸಿ ನೋಡಬೇಕು. ಅಲ್ಲಿ ಹಳಿ ತಪ್ಪುವ ಬಂಡಿಯನ್ನು ಮೇಲಿನ ಯಾವ ಅಲಂಕಾರವೂ ಉಳಿಸುವುದಿಲ್ಲ.

ಪೆಟ್ಟಿಗೆಗೆ 1 ಮಿ.ಮೀ. ದಪ್ಪದ ಸ್ಟೈರೀನ್ ಹಾಳೆ ಸಾಕು. ಹಾಳೆಯನ್ನು ಪೂರ್ತಿ ಕತ್ತರಿಸದೆ, ಉಕ್ಕಿನ ಪಟ್ಟಿಗೆ ಒತ್ತಿ ಎರಡು ಮೂರು ಸಲ ಗೀರು ಹಾಕಿ ಮುರಿದರೆ ಅಂಚು ನೇರವಾಗಿ ಬರುತ್ತದೆ. ಬಾಗಿಲಿನ ಕಿಂಡಿಗಳನ್ನು ಹಾಳೆ ಇಡಿಯಾಗಿರುವಾಗಲೇ ಕೊರೆಯಬೇಕು. ಗೋಡೆಗಳನ್ನು ಮೂಲೆಮಟ್ಟಕ್ಕೆ ಆನಿಸಿ ಅಂಟಿಸಿ, ಒಳಮೂಲೆಗಳಿಗೆ ಚೌಕಪಟ್ಟಿ ಕೊಡಬೇಕು. ದಪ್ಪಕ್ಕಾಗಿ ಎರಡು ಹಾಳೆಗಳನ್ನು ಜೋಡಿಸುವಾಗ ಒಳಹಾಳೆಯಲ್ಲಿ ಸಣ್ಣ ತೂತುಗಳನ್ನು ಬಿಡದಿದ್ದರೆ, ಸಿಕ್ಕಿಬಿದ್ದ ಅಂಟಿನ ಆವಿ ಕೆಲವು ವಾರಗಳ ನಂತರ ಗೋಡೆಯನ್ನು ಉಬ್ಬಿಸುತ್ತದೆ.

ಕಾರಿನ ಮೂತಿಯೇ ತಾಳ್ಮೆ ಬೇಡುವ ಭಾಗ. ಹಾಳೆಗಳನ್ನು ಪದರಪದರವಾಗಿ ಅಂಟಿಸಿ ಒಂದು ಗಟ್ಟಿ ತುಂಡು ಮಾಡಿಕೊಂಡು, ಎರಡು ದಿನ ಒಣಗಲು ಬಿಟ್ಟು, ಮೇಲುನೋಟ ಮತ್ತು ಪಕ್ಕದ ನೋಟಗಳನ್ನು ಅದರ ಮೇಲೆ ಬರೆದು ಅರದಿಂದ ಉಜ್ಜುತ್ತ ಬರಬೇಕು. ಆಟಿಕೆ ಅಂಗಡಿಯ 1:43ರ ಕಾರನ್ನು ಕತ್ತರಿಸಿ ಕೂರಿಸುವ ಆಸೆ ಹುಟ್ಟುತ್ತದೆ, ಆದರೆ ಅದು ಶೇಕಡಾ 11ಕ್ಕೂ ಹೆಚ್ಚು ದೊಡ್ಡದು.

ಬಣ್ಣ ಬೆಳ್ಳಿಯದು, ಅದು ಯಾವ ತಪ್ಪನ್ನೂ ಮುಚ್ಚುವುದಿಲ್ಲ. ನನ್ನ ಮೊದಲ ಬಂಡಿಯಲ್ಲಿ ಪುಟ್ಟಿ ತುಂಬಿದ ಸಂದುಗಳು ಬೂದು ಪ್ರೈಮರ್‌ನಲ್ಲಿ ಕಾಣಿಸದೆ, ಬೆಳ್ಳಿ ಬಿದ್ದೊಡನೆ ಒಂದೊಂದೂ ಎದ್ದು ನಿಂತವು. 600, ಬಳಿಕ 1000 ನಂಬರಿನ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಬೆಳ್ಳಿಯನ್ನು ಒಂದು ತೆಳು ಪದರ ಸಿಂಪಡಿಸಿ ಓರೆಬೆಳಕಿನಲ್ಲಿ ಪರೀಕ್ಷಿಸಿ, ಕಂಡ ಸಂದುಗಳನ್ನು ತಿದ್ದಿದ ಮೇಲೆಯೇ ಕೊನೆಯ ಪದರ ಹಾಕಬೇಕು. ಅಕ್ಷರಗಳ ಡೆಕಾಲ್‌ಗೆ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಪೊರೆಗೆ) ಮುಂಚೆ ಹೊಳಪಿನ ವಾರ್ನಿಷ್ ಬಳಿಯಬೇಕು. ಕಿಟಕಿಯ ಗಾಜನ್ನು ಎಲ್ಲಕ್ಕಿಂತ ಕಡೆಗೆ ಕೂರಿಸಬೇಕು.