ಮಾರ್ಗನ್ ಡಾಲರ್: ನಿಮ್ಮ ನಾಣ್ಯ ಯಾವ ಅಚ್ಚಿನದು?

ನಾಣ್ಯ ಮೇಳಗಳಲ್ಲಿ ಇದನ್ನು ಪದೇ ಪದೇ ನೋಡಿದ್ದೇನೆ. ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಹಿಡಿದುಕೊಂಡು ಒಬ್ಬರು ಬರುತ್ತಾರೆ. ಮೊಬೈಲಿನಲ್ಲಿ ಫೋಟೊ ದೊಡ್ಡದು ಮಾಡಿ, "ನೋಡಿ, ಅಂಕಿ ಎರಡೆರಡು ಕಾಣ್ತಿದೆ, ಡಬಲ್ ಡೈ ಅಲ್ವಾ?" ಎನ್ನುತ್ತಾರೆ. ಡಬಲ್ ಡೈ ಎಂದರೆ ನಾಣ್ಯ ಒತ್ತುವ ಅಚ್ಚಿನಲ್ಲೇ ಚಿತ್ರ ಎರಡೆರಡಾಗಿ ಕೂತದ್ದು. ಹೆಚ್ಚಿನ ಸಲ ಅದಲ್ಲ. ಅಷ್ಟರಲ್ಲಿ ಅದಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟಾಗಿರುತ್ತದೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ, ಅದಕ್ಕೇ ಈ ಲೇಖನ.

ಹಳೆಯ ಮಾರ್ಗನ್ ಡಾಲರ್ 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಅಚ್ಚಾಯಿತು. ಒಂದು ಕಡೆ ಲಿಬರ್ಟಿಯ ಮುಖ, ಇನ್ನೊಂದು ಕಡೆ ಹದ್ದು.

1. ಮೊದಲು ತೂಗಿ. 26.73 ಗ್ರಾಂ ಇರಬೇಕು, ಸವೆದಿದ್ದರೆ ಚೂರು ಕಡಿಮೆ. ಅಗಲ 38.1 ಮಿಲಿಮೀಟರ್. ಆಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ, ಮುಂದಿನದನ್ನು ಓದಬೇಕಿಲ್ಲ.

2. ತೊಳೆಯಬೇಡಿ. ಬೆಳ್ಳಿ ದೀಪ ಉಜ್ಜಿದ ಹಾಗೆ ವಿಭೂತಿ, ಹಲ್ಲುಪುಡಿ, ಹುಣಸೆಹಣ್ಣು ಹಾಕಿ ಉಜ್ಜುವವರಿದ್ದಾರೆ. ನಾವು ಹುಡುಕುವ ಸಣ್ಣ ಗುರುತುಗಳೇ ಅದರಲ್ಲಿ ಹೋಗಿಬಿಡುತ್ತವೆ.

3. ಇಸವಿ ಮತ್ತು ಟಂಕಸಾಲೆಯ ಅಕ್ಷರ ಬರೆದುಕೊಳ್ಳಿ. ಅಕ್ಷರ ಹದ್ದಿನ ಕಡೆ, ಎಲೆಹಾರದ ಗಂಟಿನ ಕೆಳಗಿರುತ್ತದೆ. ಓ ಎಂದರೆ ನ್ಯೂ ಆರ್ಲಿಯನ್ಸ್, ಎಸ್ ಸ್ಯಾನ್ ಫ್ರಾನ್ಸಿಸ್ಕೊ, ಸಿಸಿ ಕಾರ್ಸನ್ ಸಿಟಿ, ಡಿ ಡೆನ್ವರ್. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ.

4. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಳ್ಳೆಯ ಲೆನ್ಸ್ ಸಾಕು, ಚಿನ್ನದಂಗಡಿಯವರು ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಅರವತ್ತು ಪಟ್ಟು ಎಂದು ಹೇಳಿ, ಪುಟ್ಟ ಲೈಟ್ ಅಂಟಿಸಿ ಮಾರುವ ಅಗ್ಗದ ಲೆನ್ಸ್ ಕೊಳ್ಳಲೇಬೇಡಿ. ಅಂಚೆಲ್ಲ ಮಸುಕು, ಬೆಳಕು ನೇರ ಬಿದ್ದು ಎಲ್ಲವೂ ಚಪ್ಪಟೆ. ಒಂದೇ ಟೇಬಲ್ ಲ್ಯಾಂಪನ್ನು ಓರೆಯಾಗಿಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ.

5. ಎಲ್ಲರೂ ಎಡವುವುದು ಇಲ್ಲಿ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲಿ ಗೀರು ಬಿದ್ದಿದ್ದರೆ ಸಕ್ಕರೆಯ ಮೇಲೆ ಅದು ಉಬ್ಬಿ ಬರುತ್ತದೆ. ಅಚ್ಚಿನಿಂದ ತೆಗೆದ ಮೇಲೆ ಉಗುರು ತಾಗಿದರೆ ಕುಳಿ ಬೀಳುತ್ತದೆ. ನಾಣ್ಯದಲ್ಲೂ ಹಾಗೇ. ಉಬ್ಬಿದ ಗೆರೆ ಅಚ್ಚಿನದು, ತಗ್ಗಿದ ಗೆರೆ ಆಮೇಲೆ ಆದ ಪೆಟ್ಟು. ಅಕ್ಷರಗಳನ್ನು ದಾಟಿಕೊಂಡು ಹೋಗುವ ಉಬ್ಬಿದ ಸಣ್ಣ ಗೆರೆ ಕಂಡರೆ ಅಚ್ಚು ಬಿರುಕು ಬಿಟ್ಟಿತ್ತು ಎಂದರ್ಥ.

ಈಗ 'ಎರಡೆರಡು' ಕಾಣುವ ವಿಷಯ. ಆಗ ಒಂದು ಅಚ್ಚಿನಲ್ಲಿ ಚಿತ್ರ ಪೂರ್ತಿ ಮೂಡಲು ಮೂಲ ಮಾದರಿಯನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಚೂರು ಸರಿದರೆ ಅಚ್ಚಿನಲ್ಲೇ ಎರಡು ಚಿತ್ರ ಕೂರುತ್ತಿತ್ತು. ಇದೇ ನಿಜವಾದ ಡಬಲ್ ಡೈ. ಇಲ್ಲಿ ಎರಡನೇ ಗೆರೆಯೂ ದುಂಡಗೆ, ಮೈತುಂಬಿ ನಿಂತಿರುತ್ತದೆ. ಅಕ್ಷರದ ಮೂಲೆ ಸೀಳಿದಂತೆ ಕಾಣುತ್ತದೆ, ಅಕ್ಷರ ದಪ್ಪಗಾಗುತ್ತದೆ.

ಇನ್ನೊಂದು ಬಗೆಯಲ್ಲಿ ಅಚ್ಚು ಸರಿಯಾಗೇ ಇರುತ್ತದೆ. ಬೆಳ್ಳಿಗೆ ಒತ್ತಿದ ಗಳಿಗೆಯಲ್ಲಿ ಅಚ್ಚು ಅಲುಗಿ, ಮೂಡಿದ ಅಕ್ಷರದ ಪಕ್ಕವನ್ನು ಸವರಿಬಿಡುತ್ತದೆ. ಆಗ ಮೆಟ್ಟಿಲಿನಂತೆ ಚಪ್ಪಟೆಯಾದ, ಹೊಳೆಯುವ ಅಂಚು ಕಾಣುತ್ತದೆ. ಅಕ್ಷರ ತೆಳ್ಳಗಾಗಿರುತ್ತದೆ. ಇದಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಅನುಮಾನ ಉಳಿದರೆ ನಾನು ಮಾಡುವುದು ಇಷ್ಟು. 1904ರವರೆಗಿನ ನಾಣ್ಯಗಳಲ್ಲಿ ಇಸವಿಯನ್ನು ಪ್ರತಿ ಅಚ್ಚಿಗೂ ಬೇರೆಯಾಗಿ, ಕೈಯಿಂದ ಹೊಡೆಯುತ್ತಿದ್ದರು (1921ರ ಇಸವಿಗೆ ಈ ಲೆಕ್ಕ ಬರುವುದಿಲ್ಲ). ಹಾಗಾಗಿ ಚಿತ್ರವನ್ನು ಒತ್ತುವಾಗ ಆದ ತಪ್ಪು ಇಸವಿಗೆ ಅಂಟುವುದಿಲ್ಲ. ಇಸವಿ, ಪಕ್ಕದ ನಕ್ಷತ್ರಗಳು, ಅಕ್ಷರಗಳು ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಅದು ಅಚ್ಚು ಅಲುಗಿದ್ದೇ. ಹದ್ದಿನ ಕಡೆ ಟಂಕಸಾಲೆಯ ಅಕ್ಷರಕ್ಕೂ ಇದೇ ಲೆಕ್ಕ. ಕಣ್ಣು ಪಳಗಬೇಕಾದರೆ 1888ರ ನ್ಯೂ ಆರ್ಲಿಯನ್ಸ್ ನಾಣ್ಯದ 'ಹಾಟ್ ಲಿಪ್ಸ್' ಎಂಬ ಬಗೆಯ ಚಿತ್ರ ನೋಡಿ. ತುಟಿ, ಮೂಗು, ಗದ್ದ ಎರಡೆರಡು ಇವೆ.

6. ಈಗ ಕಂಡ ಗುರುತುಗಳನ್ನು ಪಟ್ಟಿಯ ಜೊತೆ ಹೊಂದಿಸಿ ನೋಡಿ. ಅಚ್ಚಿನ ಈ ಬಗೆಗಳಿಗೆ ವ್ಯಾಮ್ ಸಂಖ್ಯೆ ಇದೆ. ಪಟ್ಟಿ ಮಾಡಿದ ವ್ಯಾನ್ ಆಲೆನ್, ಮ್ಯಾಲಿಸ್ ಎಂಬಿಬ್ಬರ ಹೆಸರಿನಿಂದ ಬಂದ ಪದ ಅದು. 1878ರದಾದರೆ ಹದ್ದಿನ ಬಾಲದ ಗರಿ ಎಣಿಸಿ. ಶುರುವಿನಲ್ಲಿ ಎಂಟಿದ್ದವು, ಆಮೇಲೆ ಏಳಾದವು. ಕೆಲವು ಅಚ್ಚುಗಳಲ್ಲಿ ಏಳರ ಕೆಳಗಿನಿಂದ ಹಳೆಯ ಗರಿಗಳ ತುದಿ ಇಣುಕುತ್ತದೆ. ಏಳಿದ್ದರೆ ಹದ್ದು ಹಿಡಿದ ಬಾಣಗಳ ಗರಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ನೇರವೋ ಓರೆಯೋ ನೋಡಿ. ನೇರವಾದದ್ದು ಮೊದಲಿನದು. 1880ರ ಕಾರ್ಸನ್ ಸಿಟಿ ನಾಣ್ಯದಲ್ಲಿ ಎರಡೂ ಸಿಗುತ್ತವೆ. 1880ರಲ್ಲಿ ಎರಡನೇ 8ರ ಒಳಗೂ ಮೇಲೂ 7ರ ಚೂರು ಇದೆಯಾ ಹುಡುಕಿ. 1882ರ ಓ ಅಕ್ಷರದೊಳಗೆ ಕೆಲವೊಮ್ಮೆ ಎಸ್ ಅಡಗಿರುತ್ತದೆ. ಒಂದೇ ಗುರುತು ಹೊಂದಿತೆಂದು ಸಂಖ್ಯೆ ಬರೆಯಬೇಡಿ. ಎರಡು ಮೂರಾದರೂ ಹೊಂದಬೇಕು.

ಈ ನಾಣ್ಯಕ್ಕೂ ನಮಗೂ ನಂಟಿದೆ. 1918ರ ಪಿಟ್‌ಮನ್ ಕಾಯ್ದೆಯ ಕೆಳಗೆ ಅಮೆರಿಕ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಹೆಚ್ಚಿನ ಬೆಳ್ಳಿಯನ್ನು ಬ್ರಿಟನ್ ಕೊಂಡದ್ದು ಭಾರತದ ರೂಪಾಯಿಗಾಗಿ. ಯಾವ ಯಾವ ಅಚ್ಚಿನ ನಾಣ್ಯಗಳು ಆಗ ಕರಗಿದವೋ, ಲೆಕ್ಕವಿಲ್ಲ. ಉಳಿದದ್ದನ್ನು ಹುಷಾರಾಗಿ ನೋಡಬೇಕು ಎನ್ನುವುದು ಅದಕ್ಕೇ.

7. ಎತ್ತಿಡುವಾಗ ಮೆತ್ತಗಿನ ಪಿವಿಸಿ ಚೀಲ ಬೇಡ. ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ. ರಟ್ಟಿನ ಚೌಕದಲ್ಲಿಟ್ಟು, ಇಸವಿ, ಅಕ್ಷರ, ವ್ಯಾಮ್ ಸಂಖ್ಯೆಯನ್ನು ನಾಣ್ಯ ಹಾಕುವ ಮೊದಲೇ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಖಾತ್ರಿ ಇಲ್ಲದಿದ್ದರೆ ಸಂಖ್ಯೆಯ ಜಾಗ ಖಾಲಿ ಬಿಡಿ.